ಹಲಸೂರಿನಿಂದ ಎರಡು ರಾಜಧಾನಿಗಳಿಗೆ

ಚೆನ್ನೈ ಕಡೆಯಿಂದ ಬರುವ ರೈಲಿನಲ್ಲಿ ಬೆಂಗಳೂರಿಗರ ಮನೆ ಎಲ್ಲಿದೆಯೆಂದು ಕೇಳಬೇಕಾಗಿಲ್ಲ, ನೋಡಿದರೆ ತಿಳಿಯುತ್ತದೆ. ವೈಟ್‌ಫೀಲ್ಡ್ ದಾಟುತ್ತಲೇ ಚೀಲ ಕೆಳಗಿಳಿಸಿಕೊಂಡು ನಿಂತವರು ಕೆ.ಆರ್. ಪುರದಲ್ಲಿ ಇಳಿದು ಟಿನ್ ಫ್ಯಾಕ್ಟರಿ ಕಡೆ ನಡೆಯುತ್ತಾರೆ. ಬೈಯಪ್ಪನಹಳ್ಳಿ ಕಂಡಾಗ ಎದ್ದವರು ದಂಡಿನಲ್ಲಿ ಇಳಿದು ಶಿವಾಜಿನಗರಕ್ಕೋ ಹಲಸೂರಿಗೋ ಆಟೋ ಕೂಗುತ್ತಾರೆ. ಕೊನೆಯವರೆಗೂ ಕೂತೇ ಇರುವವರು ಒಂದೋ ಬಸವನಗುಡಿ, ಮಲ್ಲೇಶ್ವರದವರು, ಇಲ್ಲವೇ ಊರಿಗೆ ಹೊಸಬರು. 1864ರಲ್ಲಿ ಜೋಲಾರಪೇಟೆಯಿಂದ ಬಂದ ಹಳಿ ಮುಟ್ಟಿದ್ದು ದಂಡನ್ನೇ. ಪೇಟೆಯ ಕಡೆ ಆಗ ರೈಲು ಇರಲಿಲ್ಲ. ಊರು ಬರುವುದು ಬೇರೆ, ನಮ್ಮ ನಿಲ್ದಾಣ ಬರುವುದು ಬೇರೆ ಎಂಬ ತಿಳಿವಳಿಕೆ ಈ ಕಡೆಯ ಜನಕ್ಕೆ ಅಂದಿನಿಂದಲೂ ಇದೆ. ಯೂರೋಪಿನ ಎರಡು ರಾಜಧಾನಿಗಳನ್ನು ಒಂದೇ ಪ್ರವಾಸದಲ್ಲಿ ಜೋಡಿಸಹೊರಟಾಗ ನಮಗೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದು ಈ ತಿಳಿವಳಿಕೆಯೇ.

ಹೊರಟವರು ಮೂವರು: ನಾನು, ನನ್ನ ಹೆಂಡತಿ, ಎಪ್ಪತ್ತು ದಾಟಿದ ನಮ್ಮ ಅತ್ತೆ. ಇಂದಿರಾನಗರದ ಒಂದು ಟ್ರಾವೆಲ್ಸ್ ಕಚೇರಿಯಲ್ಲಿ ವಿಚಾರಿಸಿದಾಗ ಏಳು ದೇಶಗಳ ಪ್ಯಾಕೇಜೊಂದನ್ನು ಮುಂದಿಟ್ಟರು. ಪಟ್ಟಿ ನೋಡಿದ ಅತ್ತೆಯವರು, ಇಷ್ಟೂ ದಿನ ಬಸ್ಸಿನಲ್ಲೇ ಕೂರುವುದಾದರೆ ತಿರುಪತಿಗೇ ಹೋಗಿಬರಬಹುದಲ್ಲ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಏಳು ದೇಶ ಸುತ್ತುವವನ ನೆನಪಿನಲ್ಲಿ ಉಳಿಯುವುದು ಹೆದ್ದಾರಿ ಬದಿಯ ಶೌಚಾಲಯಗಳು. ಎರಡೇ ಊರು, ಎರಡೂ ರಾಜಧಾನಿ, ನಡುವೆ ಒಂದೇ ಪಯಣ, ಅದೂ ಹಗಲಿನಲ್ಲಿ ಎಂದು ತೀರ್ಮಾನಿಸಿದೆವು. ಯಾವ ಎರಡು ಎಂಬುದಷ್ಟೇ ಉಳಿದ ಪ್ರಶ್ನೆ.

ನಮ್ಮವರು ಮೊದಲು ಯೋಚಿಸುವುದು ಲಂಡನ್-ಪ್ಯಾರಿಸ್ ಜೋಡಿಯನ್ನು. ಅಲ್ಲಿ ಯೂರೋಸ್ಟಾರ್ ರೈಲಿದೆ. 1994ರಿಂದ ಓಡುತ್ತಿದೆ, ಸಮುದ್ರದಡಿಯ 50 ಕಿಲೋಮೀಟರ್ ಸುರಂಗವನ್ನು ಹಾದು ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಆದರೆ ಬ್ರಿಟನ್ ಷೆಂಗನ್ ಒಕ್ಕೂಟದ ಹೊರಗಿರುವುದರಿಂದ ಭಾರತದ ಪಾಸ್‌ಪೋರ್ಟಿನವರಿಗೆ ಎರಡು ವೀಸಾ ಬೇಕು, ಎರಡು ಶುಲ್ಕ, ಎರಡು ಸಲ ಬೆರಳಚ್ಚು. ರೈಲು ಹತ್ತುವ ನಿಲ್ದಾಣದಲ್ಲೇ ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ಮುಗಿಯಬೇಕಾದ್ದರಿಂದ ವಿಮಾನಕ್ಕೆ ಹೋದಂತೆ ಮುಂಚಿತವಾಗಿ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಮ್ಯಾಡ್ರಿಡ್-ಲಿಸ್ಬನ್ ಜೋಡಿ ನಕ್ಷೆಯಲ್ಲಿ ಅಕ್ಕಪಕ್ಕದ ಮನೆಗಳು, ಆದರೆ ಅವುಗಳ ನಡುವಿನ ರಾತ್ರಿ ರೈಲು 2020ರಲ್ಲಿ ನಿಂತುಹೋದ ಮೇಲೆ ಇತ್ತ ಹತ್ತಿ ಅತ್ತ ಇಳಿಯುವ ನೇರ ರೈಲಿಲ್ಲ. ವಿಮಾನವೋ ಬಸ್ಸೋ ಆಗಬೇಕು. ಹೆಲ್ಸಿಂಕಿ-ಟಾಲಿನ್ ನಡುವೆ ಎರಡು ಗಂಟೆಯ ಹಡಗು ಪ್ರಯಾಣ. ಅದು ನನಗೆ ಇಷ್ಟವಾಗಿತ್ತು, ನೀರಿನ ಮೇಲೆ ತಲೆಸುತ್ತು ಎಂದು ಮನೆಯಲ್ಲಿ ಒಪ್ಪಲಿಲ್ಲ. ವಿಯೆನ್ನಾ-ಬ್ರಾತಿಸ್ಲಾವಾ ಬರೀ ಅರವತ್ತು ಕಿಲೋಮೀಟರ್; ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿಗೆ ಇಷ್ಟೊಂದು ಯೋಜನೆಯ ಅಗತ್ಯವಿಲ್ಲ.

ಕೊನೆಗೆ ನಿಂತದ್ದು ವಿಯೆನ್ನಾ ಮತ್ತು ಬುಡಾಪೆಸ್ಟ್. ಎರಡೂ ಡ್ಯಾನ್ಯೂಬ್ ನದಿಯ ಮೇಲಿವೆ. 1867ರಿಂದ 1918ರವರೆಗೆ ಒಬ್ಬನೇ ದೊರೆಯ ಕೆಳಗಿನ ಜೋಡಿ ರಾಜ್ಯದ ಎರಡು ರಾಜಧಾನಿಗಳಾಗಿದ್ದವು. ಇವೆರಡರ ನಡುವಿನ ಹಳೆಯ ರೈಲುದಾರಿ ಇಂದಿಗೂ ಕೆಲಸಕ್ಕೆ ಬರುತ್ತಿದೆ. 1883ರಲ್ಲಿ ಪ್ಯಾರಿಸ್ಸಿನಿಂದ ಹೊರಟ ಮೊದಲ ಓರಿಯೆಂಟ್ ಎಕ್ಸ್‌ಪ್ರೆಸ್ ಕೂಡ ಈ ಎರಡೂ ಊರುಗಳನ್ನು ಹಾದು ಹೋಗಿತ್ತು. ಎರಡಕ್ಕೂ ಒಂದೇ ಷೆಂಗನ್ ವೀಸಾ ಸಾಕು.

ವಿಮಾನದ ಟಿಕೆಟ್ಟಿನಲ್ಲೇ ಅರ್ಧ ಪ್ರವಾಸದ ಹಣೆಬರಹ ನಿರ್ಧಾರವಾಗುತ್ತದೆ. ಹೋಗಿಬರುವ ಟಿಕೆಟ್ ಎಂದರೆ ಇಳಿದ ಊರಿನಿಂದಲೇ ಹತ್ತಬೇಕೆಂದು ಬಹಳ ಜನ ನಂಬಿದ್ದಾರೆ. ಬೆಂಗಳೂರು-ವಿಯೆನ್ನಾ, ಬುಡಾಪೆಸ್ಟ್-ಬೆಂಗಳೂರು ಎಂದು ಒಂದೇ ಟಿಕೆಟ್ಟಿನಲ್ಲಿ ಕೊಳ್ಳಬಹುದು. ವಿಮಾನ ಸಂಸ್ಥೆಗಳ ಪುಟದಲ್ಲಿ ಮಲ್ಟಿ-ಸಿಟಿ ಎಂಬ ಗುಂಡಿ ಇರುವುದು ಇದಕ್ಕಾಗಿಯೇ. ಎರಡು ಒಂಟಿ ಟಿಕೆಟ್ ಬೇರೆಬೇರೆಯಾಗಿ ಕೊಂಡರೆ ಬೆಲೆ ಹಾರಿಹೋಗುತ್ತದೆ, ಹೀಗೆ ಒಂದರಲ್ಲೇ ಕೊಂಡರೆ ಸಾಮಾನ್ಯವಾಗಿ ಸಾದಾ ಹೋಗಿಬರುವ ದರದ ಹತ್ತಿರವೇ ಇರುತ್ತದೆ. ಬೆಂಗಳೂರಿನಿಂದ ಎರಡೂ ಊರಿಗೆ ನೇರ ವಿಮಾನವಿಲ್ಲ. ಕೊಲ್ಲಿಯ ದುಬೈ, ದೋಹಾ ಮೂಲಕ ಹೋಗಬಹುದು. ಫ್ರಾಂಕ್‌ಫರ್ಟ್ ಮೂಲಕವೂ ಹೋಗಬಹುದು. ಇಲ್ಲೊಂದು ಸೂಕ್ಷ್ಮವಿದೆ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಷೆಂಗನ್ ಗಡಿ ದಾಟುವುದು ಅಲ್ಲೇ, ಪಾಸ್‌ಪೋರ್ಟ್ ಸಾಲೂ ಅಲ್ಲೇ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿರುವುದರಿಂದ ಆ ಸಾಲಿಗೆ ಸಮಯ ಬಿಟ್ಟುಕೊಳ್ಳಬೇಕು. ಒಂದೂವರೆ ಗಂಟೆಯ ಅಂತರದಲ್ಲಿ ಮುಂದಿನ ವಿಮಾನ ಹಿಡಿಯುತ್ತೇನೆ ಎನ್ನುವುದು ಧೈರ್ಯದ ಮಾತು. ಕೊಲ್ಲಿಯ ಮೂಲಕ ಹೋದರೆ ಆ ಸಾಲು ವಿಯೆನ್ನಾದಲ್ಲಿ. ಅಲ್ಲಿ ಎಷ್ಟು ಹೊತ್ತಾದರೂ ತಪ್ಪಿಹೋಗುವ ವಿಮಾನವಿಲ್ಲ. ವಯಸ್ಸಾದವರ ಜೊತೆ ಹೋಗುವವರಿಗೆ ನನ್ನ ಮತ ಎರಡನೆಯದಕ್ಕೆ.

ಮೊದಲು ಯಾವ ಊರು? ಬೆಲೆಯೇರಿದ ಊರನ್ನು ಮೊದಲು ಮುಗಿಸಿ, ಅಗ್ಗದ ಊರಿನಲ್ಲಿ ಕೈ ಬಿಡಿಸಿಕೊಂಡು ಖರ್ಚು ಮಾಡುವುದು ಲೇಸು ಎಂದು ನನ್ನಾಕೆ ಲೆಕ್ಕ ಹಾಕಿದಳು. ಬುಡಾಪೆಸ್ಟಿನ ಬಿಸಿನೀರಿನ ಸ್ನಾನಗೃಹಗಳು ನಡೆದು ದಣಿದ ಕಾಲಿಗೆ ಕೊನೆಯಲ್ಲೇ ಸಿಗಲಿ ಎಂಬುದು ಅತ್ತೆಯವರ ಲೆಕ್ಕ. ಎರಡೂ ಒಂದೇ ಕಡೆ ಬೆಟ್ಟು ತೋರಿಸಿದವು.

ವೀಸಾ ನಿಯಮ ಸರಳ, ಆದರೆ ಎಡವುವವರು ಅನೇಕರು. ಯಾವ ದೇಶದಲ್ಲಿ ಹೆಚ್ಚು ರಾತ್ರಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಹೀಗಾಗಿ ಎಲ್ಲಿ ಎಷ್ಟು ರಾತ್ರಿ ಎಂಬುದನ್ನು ಟಿಕೆಟ್ಟಿಗಿಂತ ಮೊದಲೇ ನಿಗದಿ ಮಾಡಿಕೊಳ್ಳಬೇಕಾಗುತ್ತದೆ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಆರೋಗ್ಯ ವಿಮೆ ಕಡ್ಡಾಯ. ಭಾವಚಿತ್ರ 35 ಮಿಲಿಮೀಟರ್ ಅಗಲ, 45 ಎತ್ತರ. ಶಿವಾಜಿನಗರದ ಸ್ಟುಡಿಯೋಗಳಲ್ಲಿ ಷೆಂಗನ್ ಎಂದರೆ ಸಾಕು, ಹುಡುಗ ಅಳತೆ ಕೇಳುವುದೇ ಇಲ್ಲ. ಹಣೆಯ ಮೇಲಿನ ಕೂದಲು ಸರಿಸಿ, ನಗಬೇಡಿ ಎಂದು ಗದರಿಸಿ, ಐದು ನಿಮಿಷದಲ್ಲಿ ಕೈಗೆ ಕೊಡುತ್ತಾನೆ. ಅಲ್ಲೇ ಹತ್ತಿರ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಉಣ್ಣೆಯ ಟೋಪಿ, ಕೈಗವಸು ಕೊಂಡೆವು. ರಸೆಲ್ ಮಾರ್ಕೆಟ್ಟಿನ ಒಣಹಣ್ಣಿನ ಅಂಗಡಿಗೂ ಹೋಗಿಬಂದೆವು. ಹೊರಗಿನಿಂದ ಬರುವವರು ಹಾಲು, ಮಾಂಸದ ಪದಾರ್ಥ ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗೋಡಂಬಿಗೆ ಅಡ್ಡಿಯಿಲ್ಲ.

ಇನ್ನು ಎರಡು ರಾಜಧಾನಿಗಳ ನಡುವಿನ ದಾರಿ. ನಕ್ಷೆ ಬಿಡಿಸಿ ನಾಲ್ಕು ದಾರಿಗಳನ್ನೂ ತೂಗಿ ನೋಡಿದ್ದೆವು. ವಿಮಾನ ಆಕಾಶದಲ್ಲಿರುವುದು ಒಂದು ಗಂಟೆಗೂ ಕಡಿಮೆ. ಆದರೆ ಊರಿನಿಂದ ವಿಮಾನ ನಿಲ್ದಾಣ, ತಪಾಸಣೆ, ಕಾಯುವುದು, ಸಾಮಾನು ಬರುವುದು, ಮತ್ತೆ ಊರು ಎಂದು ಕೂಡಿಸಿದರೆ ಅರ್ಧ ದಿನ ಹೋಯಿತು. 2008ರಲ್ಲಿ ಎಚ್‌ಎಎಲ್ ನಿಲ್ದಾಣ ಮುಚ್ಚಿ ದೇವನಹಳ್ಳಿಗೆ ಹೋದಾಗಿನಿಂದ ಹಲಸೂರಿನವರಿಗೆ ಈ ಕೂಡುಲೆಕ್ಕ ಬಾಯಿಪಾಠ. ಕಾರು ಬಾಡಿಗೆಗೆ ಸಿಗುತ್ತದೆ. ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಡಲು ಹೆಚ್ಚುವರಿ ದಂಡ ಕಟ್ಟಬೇಕು, ಎರಡೂ ದೇಶಗಳ ಹೆದ್ದಾರಿಗೆ ಬೇರೆ ಬೇರೆ ರಹದಾರಿ ಚೀಟಿ ಬೇಕು, ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಎಲ್ಲಕ್ಕೂ ಮಿಗಿಲಾಗಿ, ಕೆಎ-03 ಫಲಕದ ಗಾಡಿಯಲ್ಲಿ ಸಿಎಂಎಚ್ ರಸ್ತೆಯ ಎಡಬದಿಗೆ ಒಗ್ಗಿದ ಕೈ ಅಲ್ಲಿ ಬಲಬದಿಗೆ ತಿರುಗಬೇಕು. ಬಸ್ಸು ಮೂರು ಗಂಟೆಯ ಹಾದಿ, ಎಲ್ಲಕ್ಕಿಂತ ಅಗ್ಗ. ವಿದ್ಯಾರ್ಥಿಗಳಾಗಿದ್ದರೆ ಅದನ್ನೇ ಹಿಡಿಯುತ್ತಿದ್ದೆವು. ರೈಲಿಗೆ ಸುಮಾರು ಎರಡು ಗಂಟೆ ನಲವತ್ತು ನಿಮಿಷ. ಊರಿನ ಒಳಗಿನಿಂದ ಊರಿನ ಒಳಕ್ಕೆ, ಹಗಲಿಡೀ ಹೆಚ್ಚುಕಡಿಮೆ ಗಂಟೆಗೊಂದು.

ಹೋಲಿಕೆಗೆ ಹೇಳುವುದಾದರೆ, ಬೆಂಗಳೂರು-ಚೆನ್ನೈ ನಡುವಿನ 360 ಕಿಲೋಮೀಟರನ್ನು ನಮ್ಮ ವಂದೇ ಭಾರತ್ ನಾಲ್ಕೂವರೆ ಗಂಟೆಯ ಒಳಗೆ ಮುಗಿಸುತ್ತದೆ. ವಿಯೆನ್ನಾ-ಬುಡಾಪೆಸ್ಟ್ ಸುಮಾರು 260. ಸರಾಸರಿ ವೇಗ ತೆಗೆದು ನೋಡಿದರೆ ಬಾಯಿ ಬಿಡುವಂಥ ವ್ಯತ್ಯಾಸವೇನಿಲ್ಲ. ವ್ಯತ್ಯಾಸ ಇರುವುದು ಒಂದು ತಪ್ಪಿದರೆ ಇನ್ನೊಂದು ಇದೆ ಎಂಬ ನಿಶ್ಚಿಂತೆಯಲ್ಲಿ, ಮತ್ತೆ ಟಿಕೆಟ್ಟಿನ ಸ್ವಭಾವದಲ್ಲಿ.

ಆ ಸ್ವಭಾವ ನಮ್ಮವರಿಗೆ ಅರ್ಥವಾಗಲು ಹೊತ್ತು ಹಿಡಿಯುತ್ತದೆ. ನಮ್ಮಲ್ಲಿ ಕಾಯ್ದಿರಿಸಿದ ಟಿಕೆಟ್ ಎಂದರೆ ಸೀಟು. ಸೀಟಿಲ್ಲದಿದ್ದರೆ ಆರ್‌ಎಸಿ, ವೇಟಿಂಗ್ ಲಿಸ್ಟ್, ಚಾರ್ಟ್, ಬೆಳಿಗ್ಗೆ ಹತ್ತಕ್ಕೆ ತತ್ಕಾಲ್ ಎಂಬ ಉಸಿರು ಬಿಗಿಹಿಡಿಯುವ ಆಟ. ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಕೊಂಡವನು ರೈಲು ಹತ್ತಬಹುದು, ಖಾಲಿ ಕಂಡಲ್ಲಿ ಕೂರಬಹುದು. ಇದೇ ಸೀಟು ಬೇಕೆಂದರೆ ಅದಕ್ಕೆ ಪ್ರತ್ಯೇಕವಾಗಿ ಕೆಲವು ಯೂರೋ ಕಟ್ಟಬೇಕು. ವೇಟಿಂಗ್ ಲಿಸ್ಟ್ ಎಂಬುದೇ ಇಲ್ಲ. ಆಸ್ಟ್ರಿಯಾ ರೈಲ್ವೆಯ ಷ್ಪಾರ್‌ಷೀನೆ ಎಂಬ ಅಗ್ಗದ ಟಿಕೆಟ್ಟುಗಳು ತಿಂಗಳುಗಳ ಮುಂಚೆ ಬಿಡುಗಡೆಯಾಗುತ್ತವೆ, ಮಾರಾಟವಾದಷ್ಟೂ ಬೆಲೆ ಏರುತ್ತದೆ, ಆ ಒಂದು ರೈಲಿಗೆ ಮಾತ್ರ ನಡೆಯುತ್ತವೆ, ರದ್ದು ಮಾಡಿದರೆ ಹಣ ಬರುವುದಿಲ್ಲ. ಪೂರ್ಣ ದರದ ಟಿಕೆಟ್ಟಿಗೆ ಇಂಥ ರೈಲು ಎಂಬ ಕಟ್ಟಿಲ್ಲ. ನಾವು ಅಗ್ಗದ್ದನ್ನೇ ಕೊಂಡು, ಮೂರೂ ಸೀಟು ಕಾಯ್ದಿರಿಸಿದೆವು. ಅದೂ ಎಡಬದಿಯ ಕಿಟಕಿಗೆ. ಕಾರಣ ಮುಂದೆ ಹೇಳುತ್ತೇನೆ.

ಹೊರಡುವ ದಿನ ಹಲಸೂರು ಸೋಮೇಶ್ವರನಿಗೆ ಕೈಮುಗಿದು, ಹೆಬ್ಬಾಳದ ಗದ್ದಲಕ್ಕೆಂದು ಒಂದು ಗಂಟೆ ಹೆಚ್ಚು ಇಟ್ಟುಕೊಂಡು ದೇವನಹಳ್ಳಿ ಸೇರಿದೆವು. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಕಂಬಗಳು ಎದ್ದು ನಿಂತಿವೆ, ಅದು ಓಡುವ ದಿನ ಬಂದರೆ ನಮ್ಮ ಕಡೆಯವರ ಈ ಹೆಚ್ಚುವರಿ ಗಂಟೆ ಉಳಿದೀತು. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್ಲಿನಿಂದ. ಬಿದಿರು ಹೊದ್ದ ಚಾವಣಿ, ಒಳಗೇ ಹರಿವ ನೀರು. ಅತ್ತೆಯವರು ಅಲ್ಲೇ ಅರ್ಧ ಪ್ರವಾಸ ಮುಗಿಸಿದಷ್ಟು ಚಿತ್ರ ತೆಗೆದರು.

ವಿಯೆನ್ನಾದಲ್ಲಿ ವಿಮಾನ ನಿಲ್ದಾಣದಿಂದ ಊರಿಗೆ ಸಿಎಟಿ ಎಂಬ ಹಸಿರು ರೈಲಿನ ಜಾಹೀರಾತು ಕಣ್ಣಿಗೆ ರಾಚುತ್ತದೆ. ಹದಿನಾರು ನಿಮಿಷಕ್ಕೆ ಮುಟ್ಟಿಸುತ್ತೇವೆ ಎನ್ನುತ್ತದೆ. ಅದೇ ಕಟ್ಟಡದ ಕೆಳಗಿನಿಂದ ಸರ್ಕಾರಿ ರೈಲುಗಳೂ ಹೊರಡುತ್ತವೆ, ದರ ಬಹಳ ಕಡಿಮೆ, ಮುಖ್ಯ ನಿಲ್ದಾಣಕ್ಕೆ ಕಾಲು ಗಂಟೆ ಚಿಲ್ಲರೆ. ನಮ್ಮ ವಸತಿ ಆ ಮುಖ್ಯ ನಿಲ್ದಾಣದ ಬಳಿಯಲ್ಲೇ ಇತ್ತು. ಮುಂದೆ ಯಾವ ನಿಲ್ದಾಣದಿಂದ ಹೊರಡುತ್ತೇವೋ ಅದರ ಹತ್ತಿರ ತಂಗಿದರೆ ಸಾಮಾನು ಎಳೆದಾಡುವುದು ಒಂದು ಸಲ ತಪ್ಪುತ್ತದೆ. ಊರೊಳಗೆ 72 ಗಂಟೆಯ ಪಾಸು ಕೊಂಡೆವು. ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ. ವಿಯೆನ್ನಾ ಮೆಟ್ರೋದಲ್ಲಿ ತಡೆಗೇಟು ಇಲ್ಲ. ನಮ್ಮ ಇಂದಿರಾನಗರ ನಿಲ್ದಾಣದಲ್ಲಿ ಟೋಕನ್ ಒತ್ತಿ ಬಾಗಿಲು ತೆರೆಸಿ ಅಭ್ಯಾಸವಾದವರಿಗೆ ಯಾರೋ ಬೈಯುತ್ತಾರೆ ಎಂದೇ ಅನಿಸುತ್ತದೆ. ಕಾಗದದ ಪಾಸಿಗೆ ಮೊದಲ ಸಲ ಯಂತ್ರದಲ್ಲಿ ಮುದ್ರೆ ಹಾಕಿಸುವುದು ಮರೆಯಬಾರದು. ಸಾದಾ ಉಡುಪಿನ ತಪಾಸಕರು ಯಾವಾಗ ಬೇಕಾದರೂ ಬರುತ್ತಾರೆ, ಪ್ರವಾಸಿ ಎಂಬ ನೆಪ ಅವರ ಮುಂದೆ ನಡೆಯುವುದಿಲ್ಲ. ಕೋಟೆಗೋಡೆ ಒಡೆದು ಮಾಡಿದ ರಿಂಗ್ ರಸ್ತೆಯಲ್ಲಿ ಟ್ರಾಮಿನೊಳಗೆ ಕುಳಿತೇ ಅರಮನೆ, ಸಂಸತ್ತು, ಒಪೆರಾ ಎಲ್ಲವನ್ನೂ ಅತ್ತೆಯವರು ಕಾಲು ನೋಯಿಸದೆ ನೋಡಿದರು. ಹೊರವರ್ತುಲ ರಸ್ತೆ ನೋಡಿದ ನಮಗೆ ರಿಂಗ್ ರಸ್ತೆ ಹೀಗೂ ಇರಬಹುದೆ ಎಂದು ಹೊಟ್ಟೆಕಿಚ್ಚಾಯಿತು.

ರೈಲಿನ ದಿನ. ನಮ್ಮದು ರೈಲ್‌ಜೆಟ್ ಎಂಬ ರೈಲು, ಕಡುಗೆಂಪು ಬಣ್ಣದ್ದು. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಯಾವ ಬೋಗಿ ಯಾವ ಅಕ್ಷರದ ಕೆಳಗೆ ನಿಲ್ಲುತ್ತದೆಂದು ಮೊದಲೇ ತೋರಿಸುತ್ತಾರೆ, ನಾವು ಆ ಅಕ್ಷರದ ಕೆಳಗೆ ನಿಂತೆವು, ನಮ್ಮ ಬೋಗಿಯೂ ಅಲ್ಲೇ ನಿಂತಿತು. ತಪಾಸಣೆ ಇಲ್ಲ, ಸಾಮಾನು ತೂಗುವವರಿಲ್ಲ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಪಾರ್ನ್‌ಡಾರ್ಫ್ ಬಯಲು. ಕಣ್ಣು ಹಾಯುವಷ್ಟು ದೂರ ಗಾಳಿಯಂತ್ರಗಳು. ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳನ್ನು ಕಂಡವರಿಗೆ ಗಾಳಿಯಂತ್ರ ಹೊಸತಲ್ಲ, ಗುಡ್ಡವೇ ಇಲ್ಲದೆ ಅವು ನಿಂತಿರುವುದು ಹೊಸತು. ಅದಾದ ಮೇಲೆ ಹೆಗ್ಯೆಷ್‌ಹಾಲೊಮ್, ಹಂಗೇರಿಯ ಮೊದಲ ನಿಲ್ದಾಣ. ಒಂದು ಕಾಲಕ್ಕೆ ಈ ಗಡಿಯುದ್ದಕ್ಕೂ ಮುಳ್ಳುತಂತಿ ಇತ್ತು, ಕಾವಲು ಗೋಪುರಗಳಿದ್ದವು. 1989ರ ಜೂನ್ 27ರಂದು ಎರಡೂ ದೇಶಗಳ ವಿದೇಶಾಂಗ ಸಚಿವರು ಕತ್ತರಿ ಹಿಡಿದು ಆ ತಂತಿಯನ್ನು ಕತ್ತರಿಸಿದರು. 2007ರ ಡಿಸೆಂಬರಿನಲ್ಲಿ ಹಂಗೇರಿ ಷೆಂಗನ್ ಸೇರಿತು. ನಾವು ಗಡಿ ದಾಟಿದ್ದು ಪುಳಿಯೋಗರೆ ಡಬ್ಬಿ ತೆರೆಯುವ ಹೊತ್ತಿನಲ್ಲಿ; ಫೋನಿಗೆ ಹೊಸ ದೇಶದ ಸಂದೇಶ ಬಂದಾಗಷ್ಟೇ ತಿಳಿಯಿತು. ಪೊಲೀಸರು ಆಗೀಗ ಬಂದು ಕೇಳುವುದುಂಟು, ಪಾಸ್‌ಪೋರ್ಟ್ ದೊಡ್ಡ ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲಿರಲಿ.

ಗ್ಯೋರ್ ದಾಟಿದ ಮೇಲೆ, ಕೊಮಾರೊಮ್ ಬಳಿ, ಎಡಬದಿಯ ಕಿಟಕಿಗೆ ಇದ್ದಕ್ಕಿದ್ದಂತೆ ಡ್ಯಾನ್ಯೂಬ್ ಬಂದು ನಿಲ್ಲುತ್ತದೆ. ಹಳಿ ಒಂದಷ್ಟು ದೂರ ದಂಡೆಯ ಮಗ್ಗುಲಲ್ಲೇ ಓಡುತ್ತದೆ. ಆಚೆ ದಡ ಸ್ಲೊವಾಕಿಯಾ. ಸೀಟು ಎಡಕ್ಕೆ ಹಿಡಿದದ್ದು ಈ ಹದಿನೈದು ನಿಮಿಷಕ್ಕಾಗಿ, ಆ ಹೆಚ್ಚುವರಿ ಯೂರೋಗಳಿಗೆ ಇದಕ್ಕಿಂತ ಒಳ್ಳೆಯ ಬೆಲೆ ಸಿಗಲಾರದು. ತತಾಬಾನ್ಯಾ ಹತ್ತಿರ ಬೆಟ್ಟದ ಮೇಲೆ ತುರುಲ್ ಎಂಬ ಪುರಾಣದ ಹಕ್ಕಿಯ ದೊಡ್ಡ ಕಂಚಿನ ಮೂರ್ತಿ ರೆಕ್ಕೆ ಬಿಚ್ಚಿ ನಿಂತಿದೆ. ಅತ್ತೆಯವರು ಗರುಡ ಎಂದು ಕೈಮುಗಿದರು. ಎದುರಿನ ಸೀಟಿನ ಹಂಗೇರಿಯ ಮುದುಕಿ ಅದನ್ನು ಕಂಡು ತುಂಬ ಸಂತೋಷಪಟ್ಟು ಏನೇನೋ ಹೇಳಿದಳು, ಅತ್ತೆಯವರು ಕನ್ನಡದಲ್ಲೇ ಉತ್ತರ ಕೊಟ್ಟರು, ಮಾತು ಬುಡಾಪೆಸ್ಟಿನವರೆಗೂ ನಡೆಯಿತು.

ಬುಡಾಪೆಸ್ಟಿನಲ್ಲಿ ಈ ರೈಲು ಎರಡು ಕಡೆ ನಿಲ್ಲುತ್ತದೆ. ಮೊದಲು ನದಿಯ ಪಶ್ಚಿಮಕ್ಕಿರುವ ಕೆಲೆನ್‌ಫೋಲ್ಡ್. ಆಮೇಲೆ ಸೇತುವೆ ದಾಟಿ, ಊರು ಸುತ್ತಿಕೊಂಡು, ಪೂರ್ವಕ್ಕಿರುವ ಕೆಲೆಟಿ. ಪ್ರವಾಸಿಗಳು ಹೆಚ್ಚುಕಡಿಮೆ ಎಲ್ಲರೂ 1884ರ ಆ ಭವ್ಯ ಕೆಲೆಟಿಗೇ ಹೋಗಿ ಇಳಿಯುತ್ತಾರೆ. ನಮ್ಮ ವಸತಿ ಇದ್ದದ್ದು ಬುಡಾ ದಂಡೆಯಲ್ಲಿ, ಗೆಲ್ಲರ್ಟ್ ಬೆಟ್ಟದ ಕಡೆ. ದಂಡಿನಲ್ಲಿ ಇಳಿದು ಬೆಳೆದ ನಾವು ಕೆಲೆನ್‌ಫೋಲ್ಡಿನಲ್ಲೇ ಇಳಿದೆವು. 2014ರಲ್ಲಿ ತೆರೆದ ನಾಲ್ಕನೇ ಮೆಟ್ರೋ ಅಲ್ಲಿಂದಲೇ ಶುರು, ಲಿಫ್ಟ್ ಇದೆ. ಉಳಿದವರು ಕೆಲೆಟಿ ತಲುಪುವ ಹೊತ್ತಿಗೆ ನಾವು ಕೋಣೆಯಲ್ಲಿ ಕಾಫಿ ಕಾಸುತ್ತಿದ್ದೆವು.

ಈ ಊರು ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ಬುಡಾ, ಪೆಸ್ಟ್, ಓಬುಡಾ ಎಂಬ ಬೇರೆ ಬೇರೆ ಊರುಗಳು 1873ರಲ್ಲಿ ಒಂದಾದವು. ಅದಕ್ಕೂ ಮೊದಲು, 1849ರಲ್ಲಿ, ಸರಪಳಿ ಸೇತುವೆ ಎರಡು ದಡಗಳನ್ನು ಕಟ್ಟಿಹಾಕಿತ್ತು. ಪೇಟೆ ಮತ್ತು ದಂಡು ಒಂದೇ ಮಹಾನಗರಪಾಲಿಕೆಯ ಕೆಳಗೆ ಬಂದದ್ದು ಆ ಸೇತುವೆಯಾದ ಸರಿಯಾಗಿ ನೂರು ವರ್ಷಕ್ಕೆ, 1949ರಲ್ಲಿ. ಅಲ್ಲಿ ನದಿ ನಡುವೆ ಇತ್ತು, ಇಲ್ಲಿ ಕಬ್ಬನ್ ಪಾರ್ಕ್. ಇನ್ನೊಂದು ವರ್ಷವೂ ನನಗೆ ತಮಾಷೆಯೆನಿಸಿತು. ಯುವಕ ವಿನ್‌ಸ್ಟನ್ ಚರ್ಚಿಲ್ ಸೈನ್ಯದ ಅಧಿಕಾರಿಯಾಗಿ ನಮ್ಮ ದಂಡಿಗೆ ಬಂದು ಬಂಗಲೆ ಹಿಡಿದ 1896ರಲ್ಲೇ ಬುಡಾಪೆಸ್ಟಿನಲ್ಲಿ ನೆಲದಡಿಯ ರೈಲು ಓಡತೊಡಗಿತ್ತು. ಯೂರೋಪಿನ ಮುಖ್ಯ ಭೂಭಾಗದಲ್ಲಿ ಅದೇ ಮೊದಲನೆಯದು. ಹಲಸೂರಿನವರು ಮೆಟ್ರೋ ಹತ್ತಿದ್ದು 2011ರ ಅಕ್ಟೋಬರಿನಲ್ಲಿ. ಆ ಹಳೆಯ ಹಳದಿ ರೈಲು ಇನ್ನೂ ಓಡುತ್ತಿದೆ, ರಸ್ತೆಯಿಂದ ಕೆಲವೇ ಮೆಟ್ಟಿಲು ಕೆಳಗೆ. ಅದರಲ್ಲೇ ಸೆಚೆನ್ಯಿ ಸ್ನಾನಗೃಹಕ್ಕೆ ಹೋದೆವು. ಬಯಲಲ್ಲಿ ಚಳಿ, ಕೊಳದಲ್ಲಿ ಬಿಸಿನೀರು, ನೀರಿನೊಳಗೇ ಚದುರಂಗ ಆಡುವ ಮುದುಕರು. ನದಿಯಂಚಿನ ಎರಡನೇ ನಂಬರಿನ ಟ್ರಾಮ್ ಹತ್ತಿ ಸಂಸತ್ ಭವನ ನೋಡುವುದಕ್ಕೆ ಮಾರ್ಗದರ್ಶಕರೇ ಬೇಡ.

ಹಂಗೇರಿಯಲ್ಲಿ ಯೂರೋ ಇಲ್ಲ, ಫೊರಿಂಟ್. ಕಾರ್ಡ್ ಉಜ್ಜಿದಾಗ ಯಂತ್ರ, ರೂಪಾಯಿಯಲ್ಲಿ ಕೊಡುವಿರೋ ಫೊರಿಂಟಿನಲ್ಲೋ ಎಂದು ವಿನಯದಿಂದ ಕೇಳಿದರೆ ಫೊರಿಂಟ್ ಎಂದೇ ಒತ್ತಿ. ಆ ವಿನಯಕ್ಕೆ ಬೆಲೆ ಇದೆ. ಹಿಂತಿರುಗುವಾಗ ವಿಮಾನ ನಿಲ್ದಾಣಕ್ಕೆ ಡಿಯಾಕ್ ಚೌಕದಿಂದ 100ಇ ಬಸ್ಸು. ಊರಿನ ಸಾದಾ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ, ಅದಕ್ಕೇ ಆದ ಬೇರೆ ಟಿಕೆಟ್ ಉಂಟು. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿಯ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಮಾರ್ಚಿನ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ. ಆ ವಾರಾಂತ್ಯದಲ್ಲಿ ರೈಲೋ ವಿಮಾನವೋ ಇದ್ದವರು ರಾತ್ರಿ ಮಲಗುವ ಮುಂಚೆ ಇದನ್ನು ನೆನೆಸಿಕೊಳ್ಳಿ.

ಮುಂದಿನ ಬೇಸಿಗೆಗೆ ಹೊರಡುವ ಯೋಚನೆ ಇರುವವರಿಗೆ ಒಂದು ಮಾತು. ಷೆಂಗನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಏಪ್ರಿಲ್-ಮೇ ರಜೆಗೆ ಎಲ್ಲರೂ ಒಮ್ಮೆಗೇ ಮುಗಿಬೀಳುತ್ತಾರೆ. ಡಿಸೆಂಬರಿನಲ್ಲೇ ದಿನ ಗೊತ್ತುಮಾಡಿಕೊಳ್ಳಿ. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ರೈಲು ಟಿಕೆಟ್ ಕೊಳ್ಳಬೇಡಿ.